ಅಂಬಿಗ ಹೇಳಿದ ಜಾಗ

"ಗುರುಗಳೇ, ನಾನು ಇನ್ನೆಷ್ಟು ವಿಧೇಯನಾಗಿ ನಡೆದರೆ ದೇವರು ನನ್ನ ಕೈ ಬಿಡುವುದಿಲ್ಲ?"

ಕೇಳಿದವನು ಯೆಶಾಯ. ದೀಕ್ಷಾಸ್ನಾನ ಪಡೆದು ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಹೊತ್ತಿನ ಪ್ರಾರ್ಥನೆ ತಪ್ಪಿದರೂ ಊಟ ಸೇರುತ್ತಿರಲಿಲ್ಲ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಂಡೆಯ ಊರಿನಲ್ಲಿ ಚಾಪೆ ಹೆಣೆದು ಬದುಕುವ ಹೆಂಗಸೊಬ್ಬಳಿದ್ದಳು. ಒಂದು ಬೆಳಿಗ್ಗೆ ಅವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಮೈದುನನ ಜೊತೆಗೆ, ಜೊಂಡು ಕೊಯ್ಯಲು ನಡುಗಡ್ಡೆಗೆ ಹೋದಳು. ಹರಿಗೋಲಿನಲ್ಲಿ ಅವರನ್ನು ದಾಟಿಸಿದ ಅಂಬಿಗ ಹಿಂದಿರುಗುವ ಮುನ್ನ ಹೇಳಿದ: "ತಂಗಿ, ಹೊಳೆ ಏರಿದರೆ ಬಂಡೆ ಹತ್ತಬೇಡಿ. ನೀರು ಹರಿದು ಬರುವ ಕಡೆ, ಗಡ್ಡೆಯ ಮೇಲ್ತುದಿಗೆ ಹೋಗಿ ಜಾಲಿ ಮರ ಹಿಡಿದು ನಿಲ್ಲಿ. ನಾನು ಅಲ್ಲಿಗೆ ಬರುತ್ತೇನೆ."

ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ. ಮೈದುನ ನಕ್ಕ. ಅವಳು "ಆಗಲಿ ಅಣ್ಣ" ಎಂದಳು.

ಮಧ್ಯಾಹ್ನ ನೀರು ಕೆಂಪಾಯಿತು. ಮೇಲಿನ ಸೀಮೆಯಲ್ಲೆಲ್ಲೋ ಮಳೆ ಹೊಡೆದಿತ್ತು. ನೋಡನೋಡುತ್ತಿದ್ದಂತೆ ಕೊಯ್ದಿಟ್ಟ ಹೊರೆಗಳು ತೇಲಿಹೋದವು. ಮೈದುನ ಓಡಿ ಗಡ್ಡೆಯ ನಡುವಿನ ಬಂಡೆ ಹತ್ತಿದ. ಬಂಡೆ ಎತ್ತರವಾಗಿತ್ತು, ಒಣಗಿತ್ತು.

"ಅತ್ತಿಗೆ, ಮಗುವನ್ನು ಇತ್ತ ಕೊಡಿ. ಆ ತುದಿಯಲ್ಲಿ ಈಗಲೇ ಮೊಣಕಾಲುದ್ದ ನೀರಿದೆ," ಎಂದು ಕೂಗಿದ.

ಅವಳು ಬಂಡೆಯನ್ನು ನೋಡಿದಳು, ಹೊಳೆಯನ್ನು ನೋಡಿದಳು. ಹರಿಗೋಲು ಎಲ್ಲಿಯೂ ಕಾಣಲಿಲ್ಲ. ಆದರೆ ಆ ಅಂಬಿಗ ಅವಳಿಗೆ ಹೊಸಬನಲ್ಲ. ಅವಳ ಹೆರಿಗೆಯ ದಿನ ಬೇರೆ ಯಾರೂ ಹೊಳೆಗಿಳಿಯದಿದ್ದಾಗ, ಆಚೆ ದಡದಿಂದ ಸೂಲಗಿತ್ತಿಯನ್ನು ಕರೆತಂದವನು ಅವನೇ. ಬರುತ್ತೇನೆ ಎಂದು ಅಂದೂ ಹೇಳಿದ್ದ, ಬಂದಿದ್ದ.

"ಅಲ್ಲಿಗೆ ಬರುತ್ತೇನೆ ಅಂದಿದ್ದಾನೆ. ನಾನು ಅಲ್ಲಿಗೇ ಹೋಗುತ್ತೇನೆ, ನೀನೂ ಬಾ," ಎಂದವಳೇ ಮಗಳನ್ನು ಹೆಗಲಿಗೇರಿಸಿಕೊಂಡು ನೀರಿಗಿಳಿದಳು.

ಮೈದುನ ಕದಲಲಿಲ್ಲ.

ಮೊಣಕಾಲಿನ ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಕಾಲಡಿಯ ಮರಳು ಜಾರುತ್ತಿತ್ತು. ಅವಳು ಜಾಲಿ ಮರವನ್ನು ತಬ್ಬಿದಳು, ಮುಳ್ಳು ತೋಳಿಗೆ ನಾಟಿತು. ಅಷ್ಟರಲ್ಲಿ ಹೆಗಲ ಮೇಲಿನ ಮಗಳು ಅಳು ನಿಲ್ಲಿಸಿ ಕೈಚಾಚಿ ತೋರಿಸಿದಳು. ಮೇಲಿನಿಂದ, ಸೆಳವಿನ ಬೆನ್ನೇರಿ, ಗಿರಗಿರನೆ ತಿರುಗುತ್ತ ಹರಿಗೋಲು ಬರುತ್ತಿತ್ತು. ಅಂಬಿಗ ಹುಟ್ಟು ಒತ್ತಿ ನೇರ ಮರಕ್ಕೇ ತಂದು ತಾಗಿಸಿದ, ಕೊಂಬೆಗೆ ಹಗ್ಗ ಬಿಗಿದ. ಮಗು ಒಳಗೆ ಬಂತು, ತಾಯಿ ಒಳಗೆ ಬಂದಳು.

"ಬಂಡೆಗೆ ಬಡಿದರೆ ಹರಿಗೋಲು ಉಳಿಯುವುದಿಲ್ಲ, ತಮ್ಮ. ಇಳಿದು ಬಾ, ಕಾಯುತ್ತೇನೆ," ಎಂದು ಕೂಗಿ ಅಂಬಿಗ ಇನ್ನೊಂದು ಹಗ್ಗವನ್ನು ನೀರಿನಲ್ಲಿ ಹರಿಯಬಿಟ್ಟ. ಮೈದುನ ಇಳಿದ. ಹಗ್ಗ ಹಿಡಿದು, ಎದೆಮಟ್ಟದ ನೀರಿನಲ್ಲಿ ಬೀಳುತ್ತ ಏಳುತ್ತ ಬಂದ. ಅಂಬಿಗ ಅವನ ರಟ್ಟೆ ಹಿಡಿದು ಒಳಕ್ಕೆಳೆದುಕೊಂಡ.

ದಡ ಸೇರಿ ತಿರುಗಿ ನೋಡಿದರೆ ಬಂಡೆ ಇದ್ದ ಕಡೆ ಬರೀ ನೀರು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಅಣ್ಣ, ನಾನು ಮರದ ಹತ್ತಿರ ನಿಂತದ್ದನ್ನು ನೋಡಿ ಹೊರಟೆಯಾ?"

"ನೀನು ಎಲ್ಲಿ ಕಾಣುತ್ತಿದ್ದೆ ತಂಗಿ? ನೀರು ಕೆಂಪಾದ ಕೂಡಲೇ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ಓಡಿದೆ. ಆಗ ನೀನಿನ್ನೂ ಜೊಂಡು ಕೊಯ್ಯುತ್ತಿದ್ದಿರಬೇಕು."

ಗುರುಗಳು ಕತೆ ನಿಲ್ಲಿಸಿದರು. ಯೆಶಾಯ ಕೇಳುತ್ತ ಕೇಳುತ್ತ ಅವರ ಮೊಣಕಾಲಿನವರೆಗೂ ಜರುಗಿ ಬಂದಿದ್ದ. "ಅಂಬಿಗ ಆಗಲೇ ಹೊರಟಿದ್ದನಲ್ಲ ಗುರುಗಳೇ," ಎಂದ. "ಹಾಗಾದರೆ ಅವಳು ಆ ನೀರಿನಲ್ಲಿ ಹೋಗಿ ನಿಂತದ್ದರಿಂದ ಏನಾಯಿತು?"

"ಅವಳು ನಿಂತಳೆಂದು ಅವನು ಬರಲಿಲ್ಲ ಯೆಶಾಯ, ಅವನು ಬರುತ್ತಾನೆಂದು ಅವಳು ಹೋಗಿ ನಿಂತಳು."