ಎದುರಿಗೆ ಕೂರದ ಕೆಂಚಿ

ಹೊಳೆಯ ದಂಡೆಗೊಂದು ಮಠ. ಮಠ ಅಂದ ಕೂಡಲೇ ಗೋಪುರ, ಆನೆ, ಪಲ್ಲಕ್ಕಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಪಡಸಾಲೆ, ಕಲ್ಲು ಹಾಸಿದ ಅಂಗಳ. ಅಷ್ಟೇ.

ಅಲ್ಲಿ ಇದ್ದದ್ದು ಮೂರು ಜೀವ. ಊರವರೆಲ್ಲ ಅಜ್ಜಾರು ಎಂದು ಕರೆಯುವ ವಯಸ್ಸಾದ ಗುರುಗಳು, ಅವರ ಶಿಷ್ಯ ಚರಂತಯ್ಯ, ಮತ್ತು ಕೆಂಚಿ ಎಂಬ ಹೆಣ್ಣು ನಾಯಿ.

ಕೆಂಚಿಗೆ ಕಾಲ ಮುಗಿಯುತ್ತ ಬಂದಿತ್ತು.

ದನದ ಡಾಕ್ಟರು ಅದರ ರೆಪ್ಪೆ ಎತ್ತಿ ನೋಡಿ, "ಕಿಡ್ನಿ ಮುಗದಾವ್ರೀ. ನಾಲ್ಕು ದಿನ, ಭಾಳಂದ್ರ ಆರು," ಎಂದು ಹೇಳಿ ಹೋಗಿದ್ದರು. ಅದು ಸೋಮವಾರದ ಮಾತು. ಇವತ್ತು ಗುರುವಾರ. ಚರಂತಯ್ಯನ ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದರು.

ಹದಿಮೂರು ವರ್ಷ ಜೊತೆಗಿದ್ದ ಜೀವದ್ದು ಒಂದೇ ಒಂದು ಫೋಟೊ ಕೂಡ ಇರಲಿಲ್ಲ. ಅವನಿಗೆ ಬೇಕಾದದ್ದು ಹೆಚ್ಚೇನಲ್ಲ, ಕೆಂಚಿ ತನ್ನನ್ನು ನೋಡುತ್ತಿರುವ ಒಂದು ಫೋಟೊ. ಇಲ್ಲದಿದ್ದರೆ ಬರುವ ವರ್ಷದ ಹೊತ್ತಿಗೆ ಅದರ ಮುಖವೇ ಮರೆತುಹೋದರೆ? ಹೆತ್ತ ತಾಯಿಯ ಮುಖ ಹಾಗೆಯೇ ಅಳಿಸಿಹೋಗಿತ್ತಲ್ಲ!

ಅದಕ್ಕೇ ಪೇಟೆಯಿಂದ ಸ್ಟುಡಿಯೊದ ಮೌಲಾಲಿಯನ್ನು ಕರೆಸಿದ್ದ. ಮೌಲಾಲಿ ಮದುವೆ, ಸೀಮಂತ, ಜವಳ ಎಲ್ಲ ತೆಗೆದು ಪಳಗಿದವನು. ನಾಯಿಯ ಬೀಳ್ಕೊಡುಗೆ ಮಾತ್ರ ಇದೇ ಮೊದಲು. ಆದರೂ ಮೂರು ದಿನದಿಂದ ತಪ್ಪದೆ ಬರುತ್ತಿದ್ದ.

ಮೂರು ದಿನವೂ ಅದೇ ಪಾಡು.

ಚರಂತಯ್ಯ ಕೆಂಚಿಯ ಮೈ ಒರೆಸಿ, ಕಂಬಳಿಯ ಮೇಲೆ ಕೂರಿಸಿ, ತಾನು ಅದರ ಎದುರಿಗೆ ಮಂಡಿಯೂರುವನು. ಮೌಲಾಲಿ ಅವನ ಹೆಗಲ ಮೇಲಿಂದ ಕ್ಯಾಮೆರಾ ಹಿಡಿಯುವನು. ಅಷ್ಟರಲ್ಲಿ ಕೆಂಚಿ ನಡುಗುವ ಕಾಲ ಮೇಲೆ ಎದ್ದು, ಚರಂತಯ್ಯನನ್ನು ಸುತ್ತುಹಾಕಿ, ಅವನ ಹಿಂದೆ ಹೋಗಿ ಕುಸಿಯುವುದು. ಇವನು ತಿರುಗಿ ಕೂರುವನು. ಅದು ಮತ್ತೆ ಏಳುವುದು.

"ಏ ಕೆಂಚೀ, ಒಂದು ಸಲ ನನ್ನ ಕಡೆ ನೋಡವ್ವಾ!"

"ಸ್ವಾಮ್ಯಾರ, ನನ್ನ ಕ್ಯಾಮೆರಾದಾಗ ಇಲ್ಲೀತನಕ ಬಂದದ್ದು ಬರೇ ಬಾಲ," ಎಂದ ಮೌಲಾಲಿ. "ಬೀಗರ ಮನಿ ಅಜ್ಜಿನೂ ನನಗ ಇಷ್ಟು ಕಾಡಿಲ್ಲ."

"ನಗಬ್ಯಾಡೋ ಮಾರಾಯಾ. ಇವತ್ತಿಗೆ ನಾಲ್ಕನೇ ದಿನ."

"ಮತ್ತೇನು ಅಳಲೇನ್ರೀ? ಅತ್ರ ಕ್ಯಾಮೆರಾದಾಗ ಏನೂ ಕಾಣಂಗಿಲ್ಲ."

ಬಿಸಿಲು ಏರುತ್ತಿತ್ತು. ಕೆಂಚಿಯ ಪಕ್ಕೆ ಬಡಿದುಕೊಳ್ಳುತ್ತಿತ್ತು. ಚರಂತಯ್ಯ ಒಮ್ಮೆ ಬಿಸಿಲನ್ನು ನೋಡಿದ, ಒಮ್ಮೆ ಪಕ್ಕೆಯನ್ನು ನೋಡಿದ. ಏನನ್ನಿಸಿತೋ, ದಡಬಡ ಒಳಗೆ ಹೋಗಿ ಬಾವಿಯ ಹಗ್ಗ ಹಿಡಿದು ಬಂದ.

ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಅಜ್ಜಾರು ಕೈ ನಿಲ್ಲಿಸಿದರು.

"ಯಾರಿಗೋ ಹಗ್ಗ?"

"ಕೆಂಚಿಗೆ ರೀ ಅಜ್ಜಾರ. ಒಂದು ಗಳಿಗಿ ಕಟ್ಟತೀನಿ, ಅಷ್ಟ. ಆಕಿ ಎದುರಿಗೆ ಕೂಡವಲ್ಲಳು. ನನ್ನ ಮಾರಿ ನೋಡಾಕ ಆಕಿಗೆ ಮನಸಿಲ್ಲ. ಏನೋ ಸಿಟ್ಟು ಐತಿ ನನ್ನ ಮ್ಯಾಲ."

"ನೀ ದಿನಾ ಊರಾಗ ಭಿಕ್ಷಾಕ್ಕ ಹೋಗತಿದ್ದಿ. ಕೆಂಚೀನೂ ಬರತಿತ್ತೇನು?"

"ಒಂದು ದಿನಾನೂ ತಪ್ಪಿಸಿಲ್ಲರೀ."

"ಎಲ್ಲಿ ನಡೀತಿತ್ತು?"

"ಹಿಂದ. ಓಣಿ ನಾಯಿಗೋಳು ನನ್ನ ಹಿಮ್ಮಡಿಗೆ ಬಾಯಿ ಹಾಕತಾವಂತ ಹಿಂದ ಇರತಿದ್ಲು."

"ಎಂದರ ಮುಂದ ಬಂದಿತ್ತೇನು?"

ಚರಂತಯ್ಯ ತಿರುಗಿ ಕೆಳಗೆ ನೋಡಿದ. ಕೆಂಚಿ ಅಷ್ಟರಲ್ಲೇ ಅಂಗಳ ದಾಟಿ ಬಂದು ಅವನ ಹಿಮ್ಮಡಿಯ ಹತ್ತಿರ ಕುಸಿದಿತ್ತು.

"ಮೂರು ದಿನ ಆತು, ಭಿಕ್ಷಾಕ್ಕ ಹೋಗಿಲ್ಲ ನೀನು," ಎಂದರು ಅಜ್ಜಾರು. "ಜೋಳಿಗಿ ಹಾಕ್ಕೊ. ನಡಿ."

"ಈಗಾ? ಅಜ್ಜಾರ, ನಾ ಆ ಕಡೆ ಹೋದಾಗ ಈ ಕಡೆ ಆಕಿ..."

"ಹಗ್ಗ ಇಲ್ಲಿ ಕೊಡು."

ಕೊಟ್ಟ. ಅಜ್ಜಾರು ಅದನ್ನು ಸುತ್ತಿ, ತಮ್ಮ ಕೆಳಗೆ ಹಾಕಿಕೊಂಡು, ಅದರ ಮೇಲೇ ಕೂತರು. ಮತ್ತೆ ಹುಣಸೆಹಣ್ಣಿಗೆ ಕೈಹಾಕಿದರು.

ಗುರುವಿನ ಮಾತು ಮೀರುವುದುಂಟೆ? ಚರಂತಯ್ಯ ಗೂಟದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡ. ಕೆಂಚಿಗೆ ಬೆನ್ನುಮಾಡಿದ. ಹಾಗೆ ಬೆನ್ನುಮಾಡುವಾಗ ಅವನಿಗೆ ಬಾವಿಗೆ ಕಾಲಿಟ್ಟಂತಾಯಿತು.

ಒಂದು ಹೆಜ್ಜೆ.

ಹಿಂದೆ ಏದುಸಿರು. ಆಮೇಲೆ ಕಲ್ಲಿನ ಮೇಲೆ ಉಗುರಿನ ಸದ್ದು. ಟಕ್. ಟಕ್.

ಮೌಲಾಲಿ ಗೋಡೆಯ ಪಕ್ಕಕ್ಕೆ ಓಡಿ ಕೂತ. "ಸ್ವಾಮ್ಯಾರ," ಎಂದ, ಉಸಿರಿನಲ್ಲೇ. "ಹೊಳ್ಳಿ ನೋಡಬ್ಯಾಡ್ರಿ. ನಿಮ್ಮನ್ನ ನೋಡಾಕತ್ತೈತಿ. ಕಣ್ಣು ಆ ಕಡೆ ಈ ಕಡೆ ಸರಿವಲ್ದು."

ಕ್ಯಾಮೆರಾ ಕ್ಲಿಕ್ ಎಂದಿತು. ಮತ್ತೊಮ್ಮೆ ಎಂದಿತು.

ಚರಂತಯ್ಯನ ಕತ್ತು ತಾನಾಗಿ ತಿರುಗಲು ಹವಣಿಸಿತು. ಬಿಗಿಹಿಡಿದ. ಬೇಕಾದ ಫೋಟೊ ಬಂತು, ಇನ್ನು ಎದೆಬಡಿತ ಇಳಿಯಬೇಕಿತ್ತು. ಇಳಿಯಲಿಲ್ಲ. ಕಿವಿಯೆಲ್ಲ ಬೆನ್ನಿಗೆ ಬಂದಿತ್ತು. ಟಕ್. ಬಹಳ ಹೊತ್ತು ಏನಿಲ್ಲ. ಟಕ್.

ಮಠದ ಅಗಸೆ ಬಾಗಿಲು ಬಂತು. ಅಲ್ಲಿಗೆ ಹಾಸುಗಲ್ಲು ಮುಗಿದು ಊರ ದಾರಿಯ ಹುಡಿಮಣ್ಣು ಶುರು. ಚರಂತಯ್ಯ ಮಣ್ಣಿಗೆ ಕಾಲಿಟ್ಟ. ನಾಲ್ಕು ಹೆಜ್ಜೆ ಹೋದ.

ಹುಡಿಮಣ್ಣಿನಲ್ಲಿ ಉಗುರಿನ ಸದ್ದು ಎಲ್ಲಿಯದು? ಹಿಂದೆ ಏನೂ ಕೇಳಿಸಲಿಲ್ಲ.

ಅವನು ನಿಂತ. ತಿರುಗದೆಯೇ ಕೂಗಿದ:

"ಅಜ್ಜಾರ! ಆಕಿ ಬರಾಕತ್ಯಾಳೇನ್ರೀ?"

ಪಡಸಾಲೆಯಿಂದ ಅಜ್ಜಾರ ದನಿ ಬಂತು:

"ಹದಿಮೂರು ವರ್ಷ ಯಾರನ್ನ ಕೇಳಿಕೋಂತ ನಡದಿ, ಚರಂತಯ್ಯಾ?"