ನೆರಳನ್ನು ಬರೆದುಕೊಟ್ಟವಳು

ಶಿಷ್ಯೆ ಕೇಳಿದಳು: "ಗುರುಗಳೇ, ನನ್ನ ಪುಸ್ತಕ ಅಚ್ಚು ಹಾಕಿಸುವವರು ಕರಾರುಪತ್ರ ಕಳಿಸಿದ್ದಾರೆ. ಪುಸ್ತಕದ ಹಕ್ಕಷ್ಟೇ ಅಲ್ಲ, ಇನ್ನು ಮುಂದೆ ಅದು ತಾಳುವ ಎಲ್ಲ ರೂಪಗಳ ಹಕ್ಕೂ ಎಂದೆಂದಿಗೂ ಅವರದೇ ಅಂತೆ." ಹೇಳಿ ನಕ್ಕಳು. "ಇನ್ನೂ ಇಲ್ಲದ್ದನ್ನು ಕೊಟ್ಟರೆ ನನ್ನದೇನು ಹೋಗುತ್ತದೆ? ರುಜು ಹಾಕಲೇ?"

ಗುರುಗಳು ಒಂದು ಕತೆ ಹೇಳಿದರು.

ತೊಗಲುಗೊಂಬೆ ಆಡಿಸುವ ಒಬ್ಬ ಹೆಂಗಸಿದ್ದಳು. ಅವಳ ಒಬ್ಬಳೇ ಮಗಳು ಏಳು ವರ್ಷಕ್ಕೆ ತೀರಿಕೊಂಡಳು. ತಾಯಿ ಆಡಿನ ತೊಗಲನ್ನು ಹದಮಾಡಿ ಮಗಳ ಮುಖವನ್ನೇ ಕೊರೆದಳು. ಗೊಂಬೆಯಾಟದವರಲ್ಲಿ ಕಣ್ಣನ್ನು ಕೊನೆಗೆ ಕೊರೆಯುತ್ತಾರೆ. ಆಮೇಲೆ ಅದು ಬರಿಯ ತೊಗಲಲ್ಲ. ಮುಪ್ಪಾದ ಗೊಂಬೆಯನ್ನು ಹೊಳೆಗೆ ಬಿಡುತ್ತಾರೆ. ಬಿಡದ ತನಕ ಅದಕ್ಕೆ ಬಿಡುಗಡೆ ಇಲ್ಲ.

ಗೊಂಬೆ ಪರದೆಯ ಮೇಲೆ ಮಗಳ ಹಾಗೆಯೇ ಹಟ ಮಾಡಿತು. ಜನ ಅತ್ತರು.

ಒಬ್ಬ ವ್ಯಾಪಾರಿ ಬಂದ. "ನಿನ್ನ ಮಗಳನ್ನು ನೂರು ಊರಿನವರು ನೋಡಲಿ, ತಾಯಿ" ಎಂದ. ಪತ್ರ ಓದಿದ: ಗೊಂಬೆ, ಅದರ ದನಿ, ಅದರ ನೆರಳು, ಸೂರ್ಯಚಂದ್ರರಿರುವ ತನಕ. ನಿಲ್ಲಿಸಿ, ಆ ಸಾಲನ್ನು ಮತ್ತೊಮ್ಮೆ ಓದಿದ.

"ನೆರಳನ್ನು ಒಯ್ದು ಏನು ಮಾಡುತ್ತೀಯಪ್ಪ, ಉಪ್ಪಿನಕಾಯಿ ಹಾಕುತ್ತೀಯಾ?" ಎಂದು ಅವಳು ನಗುತ್ತಲೇ ಹೆಬ್ಬೆಟ್ಟು ಒತ್ತಿದಳು.

ಹನ್ನೆರಡು ವರ್ಷ ಗೊಂಬೆ ಊರೂರು ತಿರುಗಿತು. ತೊಗಲು ಸೀಳಿಹೋಗಿದೆ ಎಂದು ಕೇಳಿ ಅವಳು ವ್ಯಾಪಾರಿಯ ಅಂಗಡಿಗೆ ಹೋದಳು.

"ಮಗು ದಣಿದಿದೆ. ಹೊಳೆಗೆ ಬಿಡಬೇಕು, ಕೊಡಪ್ಪ."

"ಧಾರಾಳವಾಗಿ ಒಯ್ಯಿ, ತಾಯಿ. ತೊಗಲು ನನಗೆ ಬೇಡ."

ಅಷ್ಟು ಸುಲಭವಾಗಿ ಕೊಟ್ಟದ್ದು ಅವಳಿಗೆ ಸೋಜಿಗವಾಯಿತು. ಗೊಂಬೆಗೆ ಅರಿಶಿನ ಹಚ್ಚಿ, ಅಕ್ಕಿ ಇಟ್ಟು, ಹೊಳೆಗೆ ಬಿಟ್ಟಳು. ಮುಳುಗುವ ತನಕ ನಿಂತಿದ್ದಳು.

ಮರಳುವಾಗ ಅಂಗಡಿಯೊಳಗಿಂದ ಮಗಳ ದನಿ ಕೇಳಿತು. ಹಾಡುಹಗಲು, ಬಾಗಿಲು ಮುಚ್ಚಿತ್ತು. ತಳ್ಳಿಕೊಂಡು ಒಳಗೆ ಹೋದಳು. ಜನ ಕೂತಿದ್ದರು. ದೀಪವಿತ್ತು, ಪರದೆಯಿತ್ತು, ನಡುವೆ ಏನೂ ಇರಲಿಲ್ಲ. ವ್ಯಾಪಾರಿಯ ಎರಡು ಕೈಗಳೂ ತೊಡೆಯ ಮೇಲಿದ್ದವು. ಪರದೆಯ ಮೇಲೆ ನೆರಳು ಕುಣಿಯುತ್ತಿತ್ತು. ಅದಕ್ಕೆ ಸೀಳಿರಲಿಲ್ಲ, ಮುಪ್ಪಿರಲಿಲ್ಲ. ಅವಳು ಎಂದೂ ಕಲಿಸದ ಮಾತುಗಳಲ್ಲಿ ಅದು ಹೆತ್ತ ತಾಯಿಯನ್ನು ಬಯ್ಯುತ್ತಿತ್ತು. ಜನ ನಗುತ್ತಿದ್ದರು.

"ಸಾಕು ಮಗಳೇ, ಬಾ" ಎಂದಳು.

ನೆರಳು ನಿಂತಿತು. ತಿರುಗಿತು. ಅದರ ಕಣ್ಣಿನ ತೂತಿನಿಂದ ಬಂದ ಬೆಳಕು ಅವಳ ಮುಖದ ಮೇಲೆ ಬಿತ್ತು. ಆಮೇಲೆ ಅದು ವ್ಯಾಪಾರಿಯನ್ನು ಮೆಲ್ಲಗೆ ಕೇಳಿತು: "ಧಣಿ, ಹೋಗಲಾ?"

ವ್ಯಾಪಾರಿ ಕಿಟಕಿಯ ಕದವನ್ನು ಒಂದಿಷ್ಟು ಸರಿಸಿ ಹೊರಗೆ ನೋಡಿದ. "ಇನ್ನೂ ಸೂರ್ಯ ಇದ್ದಾನಲ್ಲ, ಮಗು" ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಎಂಥ ಮೋಸಗಾರ" ಎಂದಳು ಶಿಷ್ಯೆ.

"ಮೋಸ ಎಲ್ಲಿ? ಅವನು ಆ ಸಾಲನ್ನು ಎರಡು ಸಲ ಓದಿದ್ದ. ಅವಳು ನಿನ್ನ ಹಾಗೆಯೇ ನಕ್ಕಿದ್ದಳು."