ಹದಿನಾಲ್ಕನೆಯ ಹುಂಜ

ಗಿಡ್ಡ ಹುಂಜಗಳ ಬಾಕ್ಸಿಂಗ್‌ನಲ್ಲಿ ಕೆಂಚ ಆರು ವರ್ಷಗಳಿಂದ ವಿಶ್ವ ಚಾಂಪಿಯನ್ ಆಗಿದ್ದ. ಬೂದ ಎಂಬ ಹುಂಜ, ಚಾಂಪಿಯನ್ ಬಿಟ್ಟು ಉಳಿದವರ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹದಿನಾಲ್ಕನೆಯವನು. ಅವನ ಗುದ್ದಿಗೆ ಹೆದರಿ, ಅವನಿಗಿಂತ ಮೇಲಿದ್ದ ಹದಿಮೂರು ಮಂದಿಯೂ ಏನಾದರೊಂದು ನೆಪ ಹೇಳಿ ಪಂದ್ಯ ತಪ್ಪಿಸಿಕೊಂಡರು. ಕೊನೆಗೆ ಬೂದ ಧೈರ್ಯ ಮಾಡಿ ಕೆಂಚನನ್ನೇ ಕೇಳಿದ.

"ಆಗಲಿ, ಬಾ," ಎಂದ ಕೆಂಚ.

ಹನ್ನೆರಡನೆಯ ಸುತ್ತಿನಲ್ಲಿ ಕೆಂಚ ನೆಲಕ್ಕೆ ಬಿದ್ದ. ಚಾಂಪಿಯನ್ ಬೆಲ್ಟ್ ಬೂದನದಾಯಿತು.

ಜಯಕಾರ ಹಾಕುತ್ತಿದ್ದವರನ್ನು ಬಿಟ್ಟು ಬೂದ ನೇರವಾಗಿ ಸೋತವನ ಕೋಣೆಗೆ ಬಂದು ತಲೆಬಾಗಿದ. "ಅಣ್ಣಾ, ನೀವು ಒಲ್ಲೆ ಎಂದಿದ್ದರೆ ನಾನು ಹದಿನಾಲ್ಕನೆಯವನಾಗಿಯೇ ಮುದುಕನಾಗುತ್ತಿದ್ದೆ. ನಿಮ್ಮ ಉಪಕಾರ ದೊಡ್ಡದು."

ಕೆಂಚ ಊದಿದ ಕಣ್ಣನ್ನು ಕಷ್ಟಪಟ್ಟು ತೆರೆದ. "ನನಗೂ ಹಿಂದೆ ಒಬ್ಬ ಚಾಂಪಿಯನ್ ಹೀಗೆಯೇ ಅವಕಾಶ ಕೊಟ್ಟಿದ್ದರು. ಗೆದ್ದ ಸಂಭ್ರಮದಲ್ಲಿ ಅವರನ್ನು ಮರೆತೆ. ನೆನಪಾಗಿ ಹುಡುಕಿಕೊಂಡು ಹೋದಾಗ ಅವರು ತೀರಿಕೊಂಡಿದ್ದರು. ನೀನು ಇವತ್ತೇ ಬಂದೆಯಲ್ಲಪ್ಪಾ!"

ಬೂದನ ತೆಳುವಾದ ಸೊಂಟದಿಂದ ಬೆಲ್ಟ್ ಜಾರುತ್ತಿತ್ತು. ಕೆಂಚ ಎದ್ದು ಬಂದು, ತಾನೇ ಅದನ್ನು ಬಿಗಿಯಾಗಿ ಕಟ್ಟಿ, ಅವನನ್ನು ಜನರ ಮುಂದೆ ಕರೆದುಕೊಂಡು ಹೋದ.